ಕಥೆಯ ಕೊನೆ ಹೇಳಿಬಿಟ್ಟರೆ...

ಮಳೆ ಸುರಿಯುವ ಭಾನುವಾರದ ಮಧ್ಯಾಹ್ನ. ಹುಡುಗಿಯೊಬ್ಬಳು ಪತ್ತೇದಾರಿ ಕಾದಂಬರಿ ಹಿಡಿದು ಕಿಟಕಿಯ ಬಳಿ ಕೂತಿದ್ದಾಳೆ. ಇನ್ನೂರು ಪುಟ ಮುಗಿದಿದೆ, ಉಳಿದಿರುವುದು ನಲವತ್ತೇ ಪುಟ. ಅಮ್ಮ ಊಟಕ್ಕೆ ಕರೆದರೂ ಕಿವಿಗೆ ಬೀಳದು. ಅಷ್ಟರಲ್ಲಿ ಅಣ್ಣ ಬಂದು ರಕ್ಷಾಪುಟ ನೋಡಿ, ‘ಓ, ಇದಾ? ತೋಟದ ಮಾಲಿಯೇ ಕೊಲೆಗಾರ ಕಣೇ’ ಎಂದು ನಗುತ್ತಾ ಹೋಗಿಬಿಡುತ್ತಾನೆ. ಪುಸ್ತಕ ಅಲ್ಲಿಗೇ ಮುಚ್ಚುತ್ತದೆ.

ಅಣ್ಣ ಕಸಿದುಕೊಂಡದ್ದಾದರೂ ಏನನ್ನು? ಪುಸ್ತಕ ಅವಳ ಕೈಯಲ್ಲೇ ಇದೆ, ಒಂದು ಹಾಳೆಯೂ ಹರಿದಿಲ್ಲ. ಆದರೆ ತಾನೇ ಕಂಡುಹಿಡಿಯುವ ಸಂತೋಷ ಹೊರಟುಹೋಯಿತು. ಹೀಗೆ ಕುತೂಹಲ ಕೆಡಿಸುವ ಮಾತಿಗೆ ಇಂಗ್ಲಿಷಿನಲ್ಲಿ ‘ಸ್ಪಾಯ್ಲರ್’ ಎನ್ನುತ್ತಾರೆ. ಈಗ ಓದುಗರು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಗುಂಪು ಕಟ್ಟಿಕೊಂಡು ತಾವು ಓದುತ್ತಿರುವ ಪುಸ್ತಕದ ಬಗ್ಗೆ ಹರಟುತ್ತಾರೆ. ಒಬ್ಬರು ಐದನೆಯ ಅಧ್ಯಾಯದಲ್ಲಿದ್ದರೆ ಇನ್ನೊಬ್ಬರು ಪುಸ್ತಕವನ್ನೇ ಮುಗಿಸಿರುತ್ತಾರೆ. ಎದುರಿಗಿದ್ದವರಿಗೆ ‘ಹೇಳಬೇಡ’ ಎಂದು ಕೈ ಅಡ್ಡ ಹಿಡಿಯಬಹುದು. ಪರದೆಯ ಮೇಲೆ ಮೂಡಿದ ಸಾಲನ್ನು ಮಾತ್ರ ಬೇಡವೆನ್ನುವಷ್ಟರಲ್ಲೇ ಕಣ್ಣು ಓದಿ ಮುಗಿಸಿರುತ್ತದೆ!

ಗುಟ್ಟು ಕಾಯುವ ಪ್ರೇಕ್ಷಕರು

ಈ ಚಿಂತೆ ಕಂಪ್ಯೂಟರಿಗಿಂತ ಹಳೆಯದು. ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕ ಲಂಡನ್ನಿನಲ್ಲಿ ಪ್ರಾರಂಭವಾದದ್ದು 1952ರ ನವೆಂಬರ್ 25ರಂದು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ನಿಂತು, 2021ರ ಮೇ ತಿಂಗಳಿನಲ್ಲಿ ಮತ್ತೆ ಆರಂಭವಾಯಿತು. ಆಟ ಮುಗಿದ ಮೇಲೆ ನಟರೊಬ್ಬರು ಮುಂದೆ ಬಂದು, ಕೊಲೆಗಾರ ಯಾರೆಂಬುದನ್ನು ಹೊರಗೆ ಯಾರಿಗೂ ಹೇಳಬೇಡಿರೆಂದು ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿನ ಪದ್ಧತಿ. ಕಾನೂನಿಲ್ಲ, ದಂಡವಿಲ್ಲ. ಮುಂದೆ ಬರುವವರಿಗೂ ಅದೇ ಸಂತೋಷ ಸಿಗಲಿ ಎಂಬ ಸೌಜನ್ಯ, ಅಷ್ಟೆ.

ಹದಿಮೂರರ ಲೆಕ್ಕ

ಕಂಪ್ಯೂಟರ್ ಬಂದ ಮೇಲೆ ಈ ಸೌಜನ್ಯಕ್ಕೆ ಗಣಿತದ ನೆರವೂ ದೊರೆಯಿತು. 1980ರ ದಶಕದ ಆರಂಭದಲ್ಲಿ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದ ‘ಯೂಸ್‌ನೆಟ್’ ಎಂಬ ಜಾಲದಲ್ಲಿ ಹರಟುತ್ತಿದ್ದವರು ಒಗಟಿನ ಉತ್ತರ, ಕಥೆಯ ಕೊನೆ ಇತ್ಯಾದಿಗಳನ್ನು ಮರೆಮಾಡಲು ‘ರಾಟ್-13’ ಎಂಬ ಸರಳ ಉಪಾಯವನ್ನು ಬಳಸತೊಡಗಿದರು. ಪ್ರತಿ ಅಕ್ಷರದ ಬದಲು ಅದರಿಂದ 13 ಸ್ಥಾನ ಮುಂದಿರುವ ಅಕ್ಷರವನ್ನು ಬರೆಯುವುದು. ‘ಎ’ ಇದ್ದಲ್ಲಿ ‘ಎನ್’, ‘ಬಿ’ ಇದ್ದಲ್ಲಿ ‘ಓ’. ರೋಮಿನ ಜೂಲಿಯಸ್ ಸೀಸರ್ 3 ಸ್ಥಾನ ಸರಿಸಿ ಗುಪ್ತಪತ್ರ ಬರೆಯುತ್ತಿದ್ದನಲ್ಲ, ಅದೇ ವಂಶದ್ದು ಇದು.

ಹಾಗಾದರೆ ಹದಿಮೂರೇ ಏಕೆ? ಇಂಗ್ಲಿಷಿನಲ್ಲಿರುವುದು 26 ಅಕ್ಷರ. ಅದರ ಅರ್ಧ 13. ಒಮ್ಮೆ 13 ಸರಿಸಿದರೆ ಮಾತು ಮರೆಯಾಗುತ್ತದೆ. ಮತ್ತೆ 13 ಸರಿಸಿದರೆ ಒಂದು ಸುತ್ತು ಪೂರ್ಣವಾಗಿ ಮೊದಲಿನ ಮಾತೇ ಬರುತ್ತದೆ. ಬೀಗಕ್ಕೂ ಬಿಚ್ಚುವುದಕ್ಕೂ ಒಂದೇ ಕೀಲಿಕೈ! ಇದು ಶತ್ರುವನ್ನು ತಡೆಯುವ ಬೀಗವಲ್ಲ, ಯಾರು ಬೇಕಾದರೂ ತೆಗೆಯಬಹುದು. ಆದರೆ ತೆಗೆಯಬೇಕೆಂದು ಓದುಗನೇ ಮನಸ್ಸು ಮಾಡಬೇಕು. ಇದರ ಸ್ವಾರಸ್ಯವಿರುವುದೇ ಅಲ್ಲಿ.

ಕನ್ನಡದಲ್ಲೂ ಮಾಡಿ ನೋಡಿ

ನಮ್ಮ ವರ್ಣಮಾಲೆಯಲ್ಲಿ 25 ವರ್ಗೀಯ, 9 ಅವರ್ಗೀಯ, ಒಟ್ಟು 34 ವ್ಯಂಜನಗಳು. ಅರ್ಧವೆಂದರೆ 17. ‘ಕ’ದಿಂದ ‘ಥ’ದವರೆಗೆ 17 ಅಕ್ಷರಗಳನ್ನು ಒಂದು ಸಾಲಿನಲ್ಲಿ ಬರೆದು, ಅದರ ಕೆಳಗೆ ‘ದ’ದಿಂದ ‘ಳ’ದವರೆಗಿನ 17ನ್ನು ಬರೆಯಿರಿ. ಮೇಲಿನದಕ್ಕೆ ಕೆಳಗಿನದು, ಕೆಳಗಿನದಕ್ಕೆ ಮೇಲಿನದು. ಸ್ವರಗಳೂ ಕಾಗುಣಿತವೂ ಇದ್ದಂತೆಯೇ ಇರಲಿ. ‘ಕಳ್ಳ ಮಾವ’ ಎಂಬ ಗುಟ್ಟು ‘ದಥ್ಥ ಜಾಠ’ ಆಗುತ್ತದೆ. ತಮಾಷೆಯೆಂದರೆ, ‘ಮಗ’ ಎಂದು ಬರೆದರೆ ‘ಜನ’ ಎಂದಾಗುತ್ತದೆ!

ಕೊನೆ ತಿಳಿದರೆ ರುಚಿ ಕೆಡುವುದೆ?

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯನ್ನು ಮೊದಲೇ ತಿಳಿದು ಸಣ್ಣಕಥೆ ಓದಿದವರೇ ಹೆಚ್ಚು ಮೆಚ್ಚಿಕೊಂಡಿದ್ದರು. ಆದರೆ 2015ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ನಡೆಸಿದ ಅಧ್ಯಯನದಲ್ಲಿ, ಕೊನೆ ತಿಳಿಯದ ಕಥೆಗಳೇ ಹೆಚ್ಚು ಕುತೂಹಲಕರವೆಂದು ಕಂಡುಬಂತು. ವಿಜ್ಞಾನದಲ್ಲಿ ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕೇ.

ಯಕ್ಷಗಾನ ನೋಡಲು ಹೋದವರಿಗೆ ಕರ್ಣ ಬದುಕುವುದಿಲ್ಲವೆಂದು ಗೊತ್ತು. ಆದರೂ ಬೆಳಗಿನವರೆಗೆ ಕೂತು ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲಿ ‘ಏನಾಯಿತು’ ಎಂಬುದಕ್ಕಿಂತ ‘ಹೇಗಾಯಿತು’ ಎಂಬುದು ಮುಖ್ಯ. ಒಳ್ಳೆಯ ಕೃತಿ ಕೊನೆ ತಿಳಿದರೂ ಸಾಯುವುದಿಲ್ಲ. ಆದರೆ ಮೊದಲ ಓದು ಒಮ್ಮೆ ಮಾತ್ರ ಸಿಗುತ್ತದೆ. ಅದನ್ನು ಹೇಗೆ ಕಳೆಯಬೇಕೆಂದು ನಿರ್ಧರಿಸುವ ಹಕ್ಕು ಓದುವವರದು, ಪಕ್ಕದಲ್ಲಿ ಕೂತವರದಲ್ಲ.

ತಂದೆತಾಯಿಗಳಿಗೂ ಇಲ್ಲೊಂದು ಪಾಠವಿದೆ. ನಿಂಬೆರಸದಲ್ಲಿ ಅದ್ದುವ ಮೊದಲೇ ‘ನೀಲಿ ಲಿಟ್ಮಸ್ ಕೆಂಪಾಗುತ್ತದೆ’ ಎಂದುಬಿಟ್ಟರೆ ಮಗು ಕಾಗದವನ್ನು ನೋಡುತ್ತದೆ, ಬೆರಗಾಗುವುದಿಲ್ಲ. ಮಗುವಿನ ಕೈಯಲ್ಲಿ ಪುಸ್ತಕ ಕಂಡಾಗ ‘ಎಲ್ಲಿಯವರೆಗೆ ಬಂತು? ಮುಂದೇನಾಗಬಹುದು ಅನ್ನಿಸುತ್ತೆ?’ ಎಂದು ಕೇಳಿ, ಉತ್ತರವನ್ನು ಕೇಳಿಸಿಕೊಂಡು ಸುಮ್ಮನಿರಿ. ಊಹೆ ತಪ್ಪಾದರೂ ತಿದ್ದಬೇಡಿ. ಮುಂದಿನ ಪುಟ ತಿದ್ದುತ್ತದೆ.

ವಿದ್ಯಾರ್ಥಿಗಳೇ, ತಂಗಿ ಓದುತ್ತಿರುವಾಗ ನಾಲಿಗೆ ತುರಿಸಿದರೆ ಈ ಎರಡು ಪದ ನೆನಪಿರಲಿ: ‘ದೊಗೆ ತೇಥಚೇಶ’. ಅರ್ಥವೇನು? ಬಿಡಿಸುವ ಕೀಲಿಕೈ ನಿಮ್ಮ ಬಳಿಯೇ ಇದೆ.