ತೆಂಗಿನ ತುದಿಯಲ್ಲಿ

ತಿಪಟೂರಿನ ಉಂಡೆಕೊಬ್ಬರಿಯ ಕೀರ್ತಿಯನ್ನು ಎಲ್ಲರೂ ಬಲ್ಲರು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗುವ ಆ ಕಾಯಿಯನ್ನು ಮರದಿಂದ ಇಳಿಸುವವನ ಸುದ್ದಿ ಮಾತ್ರ ಯಾರಿಗೂ ಬೇಡ.

ತುರುವೇಕೆರೆಯ ಕಡೆಯ ನಮ್ಮ ತೋಟಕ್ಕೆ ಬರುತ್ತಿದ್ದ ಹಿರಿಯರ ಸಲಕರಣೆಯೆಂದರೆ ಕಾಲಿಗೊಂದು ಹಗ್ಗದ ಬಳೆ, ಸೊಂಟಕ್ಕೊಂದು ಕತ್ತಿ. ಅಡಕೆಯ ಸೀಮೆಯಲ್ಲಿ ಆ ಹಗ್ಗಕ್ಕೆ ತಳೆ ಎನ್ನುವರು. ತಳೆಯುವುದೆಂದರೆ ಧರಿಸುವುದು, ಮೈಭಾರವನ್ನು ಹೊರುವ ಹಗ್ಗಕ್ಕೆ ಒಪ್ಪುವ ಹೆಸರೆಂದು ಕನ್ನಡದ ಮೇಷ್ಟರಾದ ನನಗೆ ತೋರುವುದು, ಪದಮೂಲ ಬೇರೆಯಿದ್ದರೂ ಇರಬಹುದು.

ಒಮ್ಮೆ ಕೆಳಗಿನಿಂದ, “ಆ ಗರಿ ಹಿಡಿದುಕೊಳ್ಳಿ ಯಜಮಾನರೇ” ಎಂದೆ.

“ಅದು ಹಣ್ಣಾಗೈತೆ ಮೇಷ್ಟ್ರೇ, ಹಿಡಿದ್ರೆ ನನ್ನೂ ಕರ್ಕೊಂಡು ಬತ್ತದೆ.”

ಹಳದಿಗೆ ತಿರುಗಿದ ಗರಿಯ ಬುಡ ಕಳಚಿಕೊಳ್ಳಲು ಕಾದಿರುತ್ತದೆ. ಹಸಿರು ಗರಿಯನ್ನು, ಅದೂ ಬುಡದಲ್ಲಿಯೇ, ಹಿಡಿಯಬೇಕು. ಮಳೆಗೆ ನೆನೆದ ಕಾಂಡ, ಗರಿಯ ಸಂದಿನ ಕಣಜ ಬೇರೆ. ಅಂಥದೊಂದು ಮಳೆಗಾಲದಲ್ಲಿ ಅವರು ಬೇರೊಂದು ತೋಟದಲ್ಲಿ ಬಿದ್ದರು. ಬದುಕಿದರು, ಮತ್ತೆ ಮರವೇರಲಿಲ್ಲ.

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಸ್ನೇಹಿತರು’ ತರಬೇತಿಯ ಯಂತ್ರವನ್ನು ಅವರ ಮಗ ಕಲಿತಿದ್ದಾನೆ. ಎರಡು ಕಬ್ಬಿಣದ ಚೌಕಟ್ಟು, ಕಾಂಡವನ್ನು ಬಳಸುವ ಉಕ್ಕಿನ ಹಗ್ಗ. ಕಾಲಿನ ಭಾರ ಬಿದ್ದಾಗ ಬಿಗಿದು, ಭಾರ ತೆಗೆದಾಗ ಸಡಿಲುತ್ತದೆ. ಮರಕ್ಕೆ ಕಚ್ಚು ಹಾಕಿ ಗಾಯಮಾಡುವ ಅಗತ್ಯವಿಲ್ಲ. ಆದರೆ ಯಂತ್ರದ ದಾರಿ ಕಾಂಡದ ತುದಿಗೆ ಮುಗಿಯಿತು. ಅಲ್ಲಿಂದಾಚೆಗೆ ಮರಕ್ಕೆ ಬಿಗಿದ ಸೊಂಟಪಟ್ಟಿಯೇ ಆಸರೆ. ಕೂಲಿ ಮರಕ್ಕಿಷ್ಟೆಂದು; ಪಟ್ಟಿ ಕಟ್ಟುವ ಹೊತ್ತು ನಷ್ಟವೆಂದು ಹುಡುಗರು ಅದನ್ನು ಮನೆಯಲ್ಲಿಯೇ ಬಿಡುವುದುಂಟು. ತೋಟದವರಾದ ನಾವು ಕಂಡೂ ಸುಮ್ಮನಿರುತ್ತೇವೆ. ನಾನೂ ಇದ್ದೆ.

ಈ ಸಲ ದಿನಗೂಲಿ ಗೊತ್ತುಮಾಡಿ, “ಪಟ್ಟಿಯಿಲ್ಲದೆ ಹತ್ತಬೇಡಪ್ಪ” ಎಂದೆ.

“ಅಪ್ಪನೂ ಅದನ್ನೇ ಕೇಳಿ ಕಳಿಸ್ತಾರೆ ಸಾರ್” ಎಂದು, ಚೀಲದಿಂದ ಪಟ್ಟಿಯನ್ನು ತೆಗೆದ.