ನಮ್ಮ ಕಸಕ್ಕೆ ನೆರೆಯೂರು ಹಿತ್ತಲಲ್ಲ

ಸೋದರಿಯರೇ, ಬೆಳಗ್ಗೆ ಗುಡಿಸಿದ ಕಸವನ್ನು ಬಾಗಿಲಾಚೆ ಹಾಕಿಬಿಟ್ಟರೆ ನಮ್ಮ ಮಟ್ಟಿಗೆ ಕೆಲಸ ಮುಗಿಯಿತು. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ, ಯಾರ ಮನೆಯ ಪಕ್ಕ ಬೀಳುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ?

2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಸುರಿದಿದ್ದ ಕಸದ ಗುಡ್ಡ ಜಾರಿ, ತಗ್ಗಿನಲ್ಲಿದ್ದ ಮಂದಾರದ ಮೇಲೆ ಬಂತು. ಅಡಿಕೆ ತೋಟಗಳು, ಮನೆಗಳು ಕಸದಡಿ ಸೇರಿದವು. ಅಲ್ಲಿನ ಸಂಸಾರಗಳು ಊರು ಬಿಡಬೇಕಾಯಿತು. ಅಷ್ಟು ಕಸ ಆ ಜನ ಮಾಡಿದ್ದಲ್ಲ. ಇಡೀ ಪಟ್ಟಣದ ಅಡುಗೆಮನೆಗಳಿಂದ ಹೋದದ್ದು.

ಅದು ದೊಡ್ಡ ಪಟ್ಟಣದ ಮಾತು, ನಮ್ಮದು ಸಣ್ಣ ಊರು ಅಂತೀರಾ? ಸಣ್ಣ ಊರಿನ ಕಷ್ಟ ಬೇರೆ. ಒಂದು ಪಂಚಾಯತಿಯಲ್ಲಿ ವಾರಕ್ಕೆ ಸೇರುವ ಪ್ಲಾಸ್ಟಿಕ್ಕು, ರಟ್ಟು ನಾಲ್ಕಾರು ಮೂಟೆಯಾದರೆ ಕೊಳ್ಳುವವರ ಲಾರಿ ಅಷ್ಟಕ್ಕಾಗಿ ಬರುವುದಿಲ್ಲ. ಯಂತ್ರ ತರಲು ಹಣ ಸಾಲದು. ಕೊನೆಗೆ ಕಸ ಕೆರೆಯಂಚಿಗೋ ಬೆಂಕಿಗೋ ಬೀಳುತ್ತದೆ. ಮದುವೆ ಅಡುಗೆಯ ದೊಡ್ಡ ಹಂಡೆಯನ್ನು ಪ್ರತಿ ಮನೆಯವರೂ ಕೊಳ್ಳುತ್ತಾರೆಯೇ? ಊರಿಗೊಂದಿದ್ದರೆ ಎಲ್ಲರಿಗೂ ಆಗುತ್ತದೆ. ಇದೂ ಹಾಗೆಯೇ.

ಉಡುಪಿ ಜಿಲ್ಲೆಯಲ್ಲಿ ಹೀಗೇ ಮಾಡಿದರು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 2021ರಲ್ಲಿ ಒಣ ಕಸದ ಕೇಂದ್ರವೊಂದು ಶುರುವಾಯಿತು. ಸುತ್ತಲಿನ ಸುಮಾರು 40 ಗ್ರಾಮ ಪಂಚಾಯತಿಗಳಿಗೆಂದು ಕಟ್ಟಿದ್ದು, ದಿನಕ್ಕೆ 10 ಟನ್ ಕಸ ವಿಂಗಡಿಸುವಷ್ಟು ದೊಡ್ಡದು. ಆಯಾ ಪಂಚಾಯತಿ ಮನೆಮನೆಯಿಂದ ಒಣ ಕಸ ಕೂಡಿಸುತ್ತದೆ, ಲಾರಿ ಅದನ್ನು ನಿಟ್ಟೆಗೆ ಒಯ್ಯುತ್ತದೆ. ಅಲ್ಲಿ ಓಡುವ ಪಟ್ಟಿಯ ಮೇಲೆ ಬರುವ ಕಸವನ್ನು ಕೆಲಸದವರು ಕೈಯಿಂದಲೇ ಬಗೆಬಗೆಯಾಗಿ ಆರಿಸುತ್ತಾರೆ. ಯಂತ್ರ ಅದನ್ನು ಒತ್ತಿ ದೊಡ್ಡ ಪೆಂಡಿ ಕಟ್ಟುತ್ತದೆ. ನಾಲ್ಕಾರು ಮೂಟೆಗೆ ಬಾರದ ವ್ಯಾಪಾರಿ ಲಾರಿಗಟ್ಟಲೆ ಮಾಲಿಗೆ ಬರುತ್ತಾನೆ. ಮತ್ತೆ ಬಳಸಲಾಗದ ಚಿಪ್ಸ್, ಬಿಸ್ಕತ್ತಿನ ಹೊಳಪು ಪೊಟ್ಟಣಗಳಂಥವನ್ನು ಸಿಮೆಂಟ್ ಕಾರ್ಖಾನೆಯ ಒಲೆಗೆ ಉರುವಲಾಗಿ ಕಳಿಸಬಹುದು.

ಊರೂರು ಸೇರುವ ಈ ಮಾತು ಕಾನೂನಿನಲ್ಲೂ ಬಂತು. 2016ರ ಘನತ್ಯಾಜ್ಯ ನಿಯಮಗಳು, ಐದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳು ಕೂಡಿಕೊಂಡು ಕೊನೆಗುಳಿಯುವ ಕಸಕ್ಕೆ ಒಂದೇ ವ್ಯವಸ್ಥೆ ಮಾಡಿಕೊಳ್ಳಬೇಕು ಎಂದವು.

ಆದರೆ ಒಂದು ಮಾತು ನೆನಪಿಡಿ. ಕೊಡ ಹಾಲು ಒಡೆಯಲು ಒಂದು ಹನಿ ಹುಳಿ ಸಾಕು. ನಮ್ಮ ಮನೆಯ ಒಂದು ಚೀಲದಲ್ಲಿ ಸಾರಿನ ಚರಟ, ಮೀನಿನ ಮುಳ್ಳು ಸೇರಿತೋ, ಪಕ್ಕದೂರಿನವರು ಚೊಕ್ಕಟವಾಗಿ ಕೊಟ್ಟ ಕಾಗದವೂ ಒದ್ದೆಯಾಗಿ ಕೆಡುತ್ತದೆ. ಅದನ್ನು ಕೈಯಿಂದ ಆರಿಸುವವಳೂ ನಮ್ಮಂಥ ಒಬ್ಬ ಹೆಂಗಸೇ. ನಾತ ಹಬ್ಬಿದರೆ ಜಾಗ ಕೊಟ್ಟ ಊರಿನವರು ಸುಮ್ಮನಿರುತ್ತಾರೆಯೇ? ಸುಮ್ಮನಿರಬೇಕೂ ಇಲ್ಲ. ಹತ್ತೂರು ಮಾಡಿಕೊಂಡ ಒಪ್ಪಂದ ಉಳಿಯುವುದೂ ಮುರಿಯುವುದೂ ನಮ್ಮ ಅಡುಗೆಮನೆಯಲ್ಲೇ.

ನಾವು ಮಾಡಬೇಕಾದ್ದು ಇಷ್ಟೇ:

• ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಒಣಗಿದ ಹೂವು ಊರು ದಾಟಬಾರದು. ಹಿತ್ತಲಿದ್ದರೆ ಗೊಬ್ಬರದ ಗುಂಡಿಗೆ. ಇಲ್ಲದವರು ತಳಕ್ಕೆ ತೂತಿರುವ ಹಳೆಯ ಮಡಕೆಯಲ್ಲಿ ಹಾಕಿ, ಪ್ರತಿಸಲ ಮೇಲೊಂದು ಹಿಡಿ ಒಣ ಎಲೆ ಮುಚ್ಚಿ. ವಾಸನೆ ಬರುವುದಿಲ್ಲ.

• ಹಾಲಿನ ಪ್ಯಾಕೆಟ್ಟನ್ನು ಪಾತ್ರೆ ತೊಳೆದ ನೀರಲ್ಲೇ ಜಾಲಿಸಿ, ತಂತಿಗೆ ಸಿಕ್ಕಿಸಿ ಒಣಗಿಸಿ. ಕತ್ತರಿಸುವಾಗ ಮೂಲೆಯ ಚೂರು ಬೇರೆಯಾಗದಂತೆ ನೋಡಿಕೊಳ್ಳಿ.

• ಒಡೆದ ಗಾಜು, ಬ್ಲೇಡುಗಳನ್ನು ಕಾಗದದಲ್ಲಿ ದಪ್ಪಗೆ ಸುತ್ತಿ ಬೇರೆ ಕೊಡಿ. ಮುಟ್ಟಿನ ಪ್ಯಾಡು, ಮಗುವಿನ ಡೈಪರು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯೇ ಇಡಿ.

• ಪ್ಲಾಸ್ಟಿಕ್ಕನ್ನು ಬಚ್ಚಲೊಲೆಗೆ ಹಾಕಲೇಬೇಡಿ. ಆ ಹೊಗೆ ಮೊದಲು ಕುಡಿಯುವವರು ನಾವು, ನಮ್ಮ ಮಕ್ಕಳು.

ಮುಂದಿನ ಗ್ರಾಮಸಭೆಗೋ ವಾರ್ಡಿನ ಸಭೆಗೋ ಅಕ್ಕಪಕ್ಕದ ನಾಲ್ವರನ್ನು ಕರೆದುಕೊಂಡು ಹೋಗಿ. “ನಮ್ಮೂರ ಕಸ ಎಲ್ಲಿಗೆ ಹೋಗುತ್ತದೆ? ನೆರೆಯ ಪಂಚಾಯತಿಗಳ ಜೊತೆ ಸೇರಿ ಏನಾದರೂ ಮಾಡಬಹುದೇ?” ಎಂದು ಕೇಳಿ. ಉತ್ತರ ಸಿಗದಿದ್ದರೆ ಮುಂದಿನ ಸಭೆಯಲ್ಲೂ ಕೇಳಿ. ಮನೆಯಲ್ಲಿ ಹತ್ತು ಸಲ ಹೇಳಿ ಕೆಲಸ ಮಾಡಿಸಿಕೊಳ್ಳುವುದು ನಮಗೇನು ಹೊಸದೇ?