ಬಿಗಿದ ನಲ್ಲಿಗೆ ಸುತ್ತಿಗೆ ಬೇಡ

ನೀರು ಬರೋ ಹೊತ್ತು. ಬಿಂದಿಗೆಗಳು ಸಾಲಾಗಿ ಕೂತಿವೆ. ಆದರೆ ಅಂಗಳದ ನಲ್ಲಿ ತಿರುಗೋದೇ ಇಲ್ಲ! ಆಗ ಏನು ಮಾಡ್ತೀರಿ? ಕಲ್ಲು, ಸುತ್ತಿಗೆ ಹಿಡಿದು ಹೊಡೆಯಬೇಡಿ. ಪೈಪು ಒಡೆದರೆ ನೀರೂ ಹೋಯ್ತು, ದುಡ್ಡೂ ಹೋಯ್ತು.

ನಮ್ಮ ರಾಯದುರ್ಗ, ಮಡಕಶಿರಾ ಮಳೆ ಕಡಿಮೆ ಇರುವ ಸೀಮೆ. ಬೋರ್‌ವೆಲ್ ನೀರು ಗಡುಸು. ಅದು ಆರಿದಾಗ ನಲ್ಲಿಗೆ ಸುಣ್ಣದಂಥ ಬಿಳಿ ಪೊರೆ ಕಟ್ಟುತ್ತದೆ. ಅದರಿಂದ ನಲ್ಲಿ ಬಿಗಿಯುತ್ತದೆ.

ಹೀಗೆ ಮಾಡಿ:

1. ಮೊದಲು ವಾಲ್ವ್ ಮುಚ್ಚಿ. ವಾಲ್ವ್ ಇಲ್ಲವೇ? ನೀರು ನಿಂತ ಮೇಲೆ ಕೆಲಸ ಶುರು ಮಾಡಿ.

2. ಗಟ್ಟಿ ಹುಣಸೆ ರಸದಲ್ಲಿ ಬಟ್ಟೆ ನೆನೆಸಿ. ಹಿಡಿಕೆಯ ಬುಡಕ್ಕೆ ಒಂದು ಗಂಟೆ ಸುತ್ತಿಡಿ. ಹುಳಿಗೆ ಸುಣ್ಣ ಕರಗುತ್ತದೆ.

3. ತೊಳೆದು ಒರೆಸಿ. ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ. ಸೀಮೆಎಣ್ಣೆ ಬೇಡ. ಇದು ಕುಡಿಯೋ ನೀರಿನ ನಲ್ಲಿ.

4. ಹಿಡಿಕೆಯ ಕೆಳಗಿನ ನಟ್ಟನ್ನು ಸ್ಪ್ಯಾನರಿನಿಂದ ಸ್ವಲ್ಪ ಸಡಿಲ ಮಾಡಿ. ಪೈಪು ತಿರುಚದ ಹಾಗೆ ಒಂದು ಕೈಯಲ್ಲಿ ನಲ್ಲಿಯನ್ನು ಹಿಡಿಯಿರಿ. ಇನ್ನೊಂದು ಕೈಯಲ್ಲಿ ಹಿಡಿಕೆಯನ್ನು ಆ ಕಡೆ, ಈ ಕಡೆ ಮೆಲ್ಲಗೆ ಆಡಿಸಿ.

5. ತಿರುಗಿತಾ? ನಟ್ಟು ಬಿಗಿ ಮಾಡಿ. ಮೊದಲು ಬಂದ ನೀರನ್ನು ಗಿಡಕ್ಕೆ ಹಾಕಿ.

ಮುಚ್ಚಿದ ಮೇಲೂ ನೀರು ತೊಟ್ಟಿಕ್ಕುತ್ತಿದ್ದರೆ ಒಳಗಿನ ವಾಷರ್ ಸವೆದಿರಬಹುದು. ಹೊಸದು ಹಾಕಿ. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ! ನಂಬಿಕೆ ಇಲ್ಲವಾ? ರಾತ್ರಿ ನಲ್ಲಿಯ ಕೆಳಗೆ ಒಂದು ಪಾತ್ರೆ ಇಡಿ. ಬೆಳಿಗ್ಗೆ ನೀವೇ ಅಳೆದು ನೋಡಿ.

ಬಳಸದ ನಲ್ಲಿಯನ್ನೂ ವಾರಕ್ಕೊಮ್ಮೆ ತಿರುಗಿಸಿ, ಮತ್ತೆ ಮುಚ್ಚಿ. ಆಗ ಅದು ಬಿಗಿಯೋದಿಲ್ಲ. ನೀರು ಬಂದಾಗ ನಿಮ್ಮ ಬಿಂದಿಗೆ ಖಾಲಿ ಉಳಿಯೋದಿಲ್ಲ.